ನಾಲ್ಕು ಇಟಾಲಿಯನ್ ಫೋಟೋಬುಕ್ ತರಿಸಿದೆವು, ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಹನುಮಂತನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ, ಇವೇ ನನ್ನ ಹೊಟ್ಟೆಪಾಡು. ಕರಿಜ್ಮಾ ಆಲ್ಬಂ ಮಾಡಿಸೀ ಮಾಡಿಸೀ ಒಂದು ಪುಸ್ತಕ ಕೈಗೆ ಬಂದರೆ ಸಾಕು, ಮೊದಲು ಬೈಂಡಿಂಗ್ ಬಿಡಿಸಿ ನೋಡುವ ಅಭ್ಯಾಸ ಆಗಿಬಿಟ್ಟಿದೆ. ಈ ಸಲ ಆಷಾಢದಲ್ಲಿ ಮುಹೂರ್ತ ಇರಲಿಲ್ಲ, ಕೈಯಲ್ಲಿ ಸ್ವಲ್ಪ ಟೈಮ್ ಇತ್ತು. ನಾವು ಮೂವರು ಫೋಟೋಗ್ರಾಫರ್ ಗೆಳೆಯರು ದುಡ್ಡು ಹಾಕಿ ಇಟಲಿಯ ಹೊಸ ತಲೆಮಾರಿನ ಫೋಟೋಗ್ರಾಫರ್‌ಗಳ ನಾಲ್ಕು ಫೋಟೋಬುಕ್, ಅಂದರೆ ಫೋಟೋಗಳಿಂದಲೇ ಕಥೆ ಹೇಳುವ ಪುಸ್ತಕ, ತರಿಸಿಕೊಂಡೆವು. ಒಂದು ಸೆಕೆಂಡ್ ಹ್ಯಾಂಡ್, ಮೂರು ಹೊಸವು. ಒಂದು ತಿಂಗಳು ಇಟ್ಟುಕೊಂಡು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಅತೀ ಇಷ್ಟವಾದದ್ದರಿಂದಲೇ ಶುರು ಮಾಡುತ್ತೇನೆ. ಮಾರ್ತೀನಾ ಜಾನಿನ್ ಅವರ ‘ಐ ಮೇಡ್ ದೆಮ್ ರನ್ ಅವೇ’, 2021ರಲ್ಲಿ ಬಂದದ್ದು. ಇವರು ಹುಟ್ಟಿದ್ದು 1994ರಲ್ಲಿ. ಇವರ ತಾಯಿ ತಮ್ಮ ಬಾಳಲ್ಲಿ ಬಂದು ಹೋದ ಗಂಡಸರನ್ನು ಮನೆಯ ಫೋಟೋಗಳಿಂದ ಹರಿದು ತೆಗೆದಿದ್ದರಂತೆ. ಉಳಿದ ತುಂಡುಗಳನ್ನು ಮಗಳು ಹಾಗೇ ಪುಸ್ತಕಕ್ಕೆ ತಂದಿದ್ದಾರೆ. ಜೊತೆಗೆ ತಾಯಿ ಬರೆದ ಸಾಲುಗಳು, ತಾವೇ ತೆಗೆದ ಫೋಟೋಗಳು. ಹರಿದ ಕಡೆ ಕಾಗದದ ಬಿಳಿ ಅಂಚು ಕಾಣುತ್ತದೆ, ನೋಡುವವರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಒಂದು ಸಂಜೆ ಪುಸ್ತಕ ಮನೆಗೆ ತಂದಿದ್ದೆ. ಅಮ್ಮ ಪಲ್ಯಕ್ಕೆ ಹುರುಳಿಕಾಯಿ ಬಿಡಿಸುತ್ತಾ ಪಕ್ಕದಲ್ಲೇ ಕೂತಿದ್ದರು. ನಾಲ್ಕು ಪುಟ ನೋಡಿದರು, ಏನೂ ಮಾತಾಡಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ ಒಂದು ಹಳೆಯ ಗ್ರೂಪ್ ಫೋಟೋ ತಂದು ನನ್ನ ಮುಂದೆ ಇಟ್ಟರು. ಬಲಗಡೆ ನಿಂತವರನ್ನು ಯಾರೋ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ ತೆಗೆದಿದ್ದಾರೆ. ಆದರೆ ನಮ್ಮ ಸೋದರತ್ತೆಯ ಭುಜದ ಮೇಲೆ ನಾಲ್ಕು ಬೆರಳು ಮಾತ್ರ ಹಾಗೇ ಉಳಿದಿವೆ, ಒಂದರಲ್ಲಿ ಉಂಗುರ. ಅಷ್ಟು ವರ್ಷ ಆ ಫೋಟೋ ನಮ್ಮನೆಯಲ್ಲೇ ಇತ್ತು, ನಾನು ನೋಡಿರಲಿಲ್ಲ. ಯಾರದು ಅಂತ ಕೇಳಿದೆ. "ಇರಲಿ ಬಿಡೋ" ಅಂದರು.

ನನ್ನ ಸ್ಟುಡಿಯೋಗೂ ಈ ಕೆಲಸ ಬರುತ್ತದೆ. "ಅಣ್ಣಾ, ಇವರೊಬ್ಬರನ್ನ ಫೋಟೋದಿಂದ ತೆಗೆದುಬಿಡಿ" ಅಂತ ಬರುತ್ತಾರೆ. ಫೋಟೋಶಾಪಿನಲ್ಲಿ ಹತ್ತು ನಿಮಿಷದ ಕೆಲಸ. ಆಮೇಲೆ ಅಲ್ಲಿ ಒಬ್ಬರು ನಿಂತಿದ್ದರು ಅಂತ ಯಾರಿಗೂ ಗೊತ್ತಾಗಲ್ಲ, ಹಿಂದಿನ ಹೂವಿನ ಡೆಕೊರೇಷನ್ ಅಲ್ಲಿ ತುಂಬಿಕೊಂಡಿರುತ್ತದೆ. ಕೈಯಲ್ಲಿ ಹರಿದರೆ ಹಾಗಲ್ಲ. ಹೋದವರ ಜಾಗ ಹಾಗೇ ಖಾಲಿ ಉಳಿಯುತ್ತದೆ, ಹರಿದವರ ಸಿಟ್ಟೂ ಉಳಿಯುತ್ತದೆ. ಜಾನಿನ್ ಆ ಖಾಲಿ ಜಾಗವನ್ನು ಮುಚ್ಚಲು ಹೋಗಿಲ್ಲ. ಅದಕ್ಕೇ ಈ ಪುಸ್ತಕ ನನಗೆ ಇಷ್ಟೊಂದು ತಟ್ಟಿತು.

ಎರಡನೆಯದು ನಿಕೊಲೊ ಡೆಜೋರ್ಜಿಸ್ ಅವರ ‘ಹಿಡನ್ ಇಸ್ಲಾಂ’, 2014ರದ್ದು. ಇವರು ಈಗ ತೀರಾ ಹೊಸಬರಲ್ಲ, ಆದರೆ ಆಮೇಲೆ ಬಂದವರು ಇವರಿಂದ ಕಲಿತದ್ದು ಬಹಳ ಅಂತ ನನ್ನ ಅನಿಸಿಕೆ. ಇಟಲಿಯಲ್ಲಿ ಮುಸ್ಲಿಮರು ಹತ್ತು ಲಕ್ಷಕ್ಕಿಂತ ಜಾಸ್ತಿ ಇದ್ದಾರೆ, ಆದರೆ ಮಸೀದಿ ಅಂತಲೇ ಕಟ್ಟಿದ ಕಟ್ಟಡಗಳು ಬೆರಳೆಣಿಕೆಯಷ್ಟು. ಬೇರೆ ಹಲವು ಧರ್ಮಗಳ ಜೊತೆ ಇರುವಂಥ ಒಪ್ಪಂದ ಅಲ್ಲಿನ ಸರ್ಕಾರಕ್ಕೆ ಇಸ್ಲಾಂ ಜೊತೆ ಇಲ್ಲ. ಕಟ್ಟಲು ಅನುಮತಿ ಸಿಗುವುದೂ ಕಷ್ಟ. ಹಾಗಾಗಿ ಗೋಡೌನ್, ಗ್ಯಾರೇಜು, ಮುಚ್ಚಿದ ಅಂಗಡಿ, ಜಿಮ್, ಇಂಥ ಕಡೆ ನಮಾಜ್ ನಡೆಯುತ್ತದೆ. ಡೆಜೋರ್ಜಿಸ್ ಈಶಾನ್ಯ ಇಟಲಿಯಲ್ಲಿ ವರ್ಷಗಟ್ಟಲೆ ಓಡಾಡಿ ಇವನ್ನು ತೆಗೆದಿದ್ದಾರೆ.

ಇದರಲ್ಲಿ ಪುಸ್ತಕ ಮಾಡಿರುವ ರೀತಿಯೇ ಅರ್ಧ ಮಾತು ಹೇಳಿಬಿಡುತ್ತದೆ. ಪುಟದ ಮೇಲೆ ಕಟ್ಟಡದ ಹೊರಗಡೆ, ಕಪ್ಪು-ಬಿಳುಪಿನಲ್ಲಿ. ಒಂದು ಶೆಡ್ಡು, ಶಟರ್, ಮುಂದೆ ಖಾಲಿ ಜಾಗ, ನಮ್ಮ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ನೋಡಿದ ಹಾಗೇ ಇರುತ್ತದೆ. ಆ ಹಾಳೆ ಮಡಚಿದೆ. ಬಿಡಿಸಿದರೆ ಒಳಗಡೆ ಪೂರ್ತಿ ಬಣ್ಣ, ಸಾಲಾಗಿ ಜನ. ಪ್ರತಿ ಸಲವೂ ನೀವೇ ಕೈಯಾರೆ ಬಿಡಿಸಬೇಕು, ಬಾಗಿಲು ತೆಗೆದು ಒಳಗೆ ಇಣುಕಿದ ಹಾಗೆ. ನಾನು ಇದೇ ಫೋಟೋಗಳನ್ನು ಮೊದಲು ಫೋನಿನಲ್ಲಿ ನೋಡಿದ್ದೆ, ಸುಮ್ನೆ ತಳ್ಳಿಕೊಂಡು ಹೋಗಿದ್ದೆ. ಪುಸ್ತಕದಲ್ಲಿ ಹಾಗೆ ತಳ್ಳಲು ಆಗಲ್ಲ. ಒಂದೇ ತೊಂದರೆ, ಬಿಡಿಸಿ ಮಡಚಿ ಮಾಡುವಾಗ ಮಡಿಕೆ ಸವೆಯುತ್ತದೆ, ಮಕ್ಕಳಿರುವ ಮನೆಯಾದರೆ ಹುಷಾರು.

ಇದನ್ನು ಅವರು ತಾವೇ ಪ್ರಕಟಿಸಿದರು. ಅದೇ ವರ್ಷ ‘ಪ್ಯಾರಿಸ್ ಫೋಟೋ’ ಮೇಳ ಮತ್ತು ಅಮೆರಿಕದ ಫೋಟೋಗ್ರಫಿ ಸಂಸ್ಥೆ ‘ಅಪರ್ಚರ್’ ಸೇರಿ ಚೊಚ್ಚಲ ಫೋಟೋಬುಕ್‌ಗೆ ಕೊಡುವ ಬಹುಮಾನ ಬಂತು. ಹೀಗೆ ತಾವೇ ಪ್ರಕಟಿಸುವುದು ಇಟಲಿಯಲ್ಲಿ ಹೊಸ ದಾರಿಯೂ ಅಲ್ಲ. ಲುಯಿಜಿ ಗಿರ್ರಿ ಅಂತ ಒಬ್ಬ ಫೋಟೋಗ್ರಾಫರ್ ಇದ್ದರು, ಸರ್ವೇ ಕೆಲಸ ಕಲಿತವರು, 1992ರಲ್ಲಿ ತೀರಿಕೊಂಡರು. ಅವರು 1978ರಲ್ಲೇ ತಮ್ಮದೇ ಸಣ್ಣ ಪ್ರಕಾಶನ ಮಾಡಿಕೊಂಡು ‘ಕೊಡಾಕ್ರೋಮ್’ ತಂದರು. ರೋಮಿನ ದೊಡ್ಡ ದೊಡ್ಡ ಸ್ಮಾರಕಗಳ ಗೋಜಿಗೆ ಹೋಗದೆ ಗೋಡೆ, ಪೋಸ್ಟರು, ಸಮುದ್ರ ತೀರ, ಇಂಥದ್ದನ್ನೇ ಸಮಾಧಾನವಾಗಿ ನೋಡಿದವರು. ಈಗಿನವರ ಫೋಟೋಗಳಲ್ಲಿ ಆ ಸಮಾಧಾನ ನನಗೆ ಎದ್ದು ಕಾಣುತ್ತದೆ.

ಆಲ್ಬಾ ಝಾರಿ ಅವರ ‘ದಿ ವೈ’ 2019ರದ್ದು. ತನ್ನ ಅಪ್ಪ ಅಂದುಕೊಂಡವರು ನಿಜವಾದ ಅಪ್ಪ ಅಲ್ಲ ಅಂತ ಇವರಿಗೆ ಇಪ್ಪತ್ತೈದರ ವಯಸ್ಸಿನಲ್ಲಿ ಗೊತ್ತಾಯಿತು. ಅಲ್ಲಿಂದ ಹುಡುಕಾಟ. ಡಿಎನ್‌ಎ ಟೆಸ್ಟು, ಹಳೇ ಫೋಟೋ, ಕೊನೆಗೆ ತನ್ನ ಮುಖದಲ್ಲಿ ಅಮ್ಮನಿಂದ ಬಂದದ್ದನ್ನು ಕಳೆದು, ಉಳಿದದ್ದರಿಂದ ಕಂಪ್ಯೂಟರಿನಲ್ಲಿ ಅಪ್ಪನ ಮುಖ ಕಟ್ಟುವ ಪ್ರಯತ್ನ. ಕೇಳಿದರೆ ಕರುಳು ಚುರ್ ಅನ್ನುವ ವಿಷಯ. ಆದರೆ ನನಗೆ ಪುಸ್ತಕ ಸ್ವಲ್ಪ ಒಣ ಅನಿಸಿತು. ಫೈಲ್ ತಿರುವಿ ಹಾಕಿದ ಹಾಗೆ ಆಗುತ್ತದೆ. ಗೆಳೆಯನೊಬ್ಬ ಒಪ್ಪಲಿಲ್ಲ, ಅಷ್ಟು ತಣ್ಣಗೆ ಇರುವುದರಿಂದಲೇ ನೋವು ಗೊತ್ತಾಗುತ್ತದೆ ಅಂದ. ನಾನು ಇನ್ನೂ ಒಪ್ಪಿಲ್ಲ.

ಇನ್ನೊಂದು ಮರೀನಾ ಕಾನೆವೆ ಅವರ ‘ಆರ್ ದೇ ರಾಕ್ಸ್ ಆರ್ ಕ್ಲೌಡ್ಸ್?’, ಇದೂ 2019ರದ್ದೇ. ಉತ್ತರ ಇಟಲಿಯ ಡೊಲೊಮೈಟ್ ಬೆಟ್ಟಗಳ ಬಗ್ಗೆ. 1966ರ ನವೆಂಬರಿನಲ್ಲಿ ಆ ಕಡೆ ಭಾರೀ ನೆರೆ ಬಂದು ಗುಡ್ಡಗಳು ಕುಸಿದಿದ್ದವು, ಮತ್ತೆ ಹಾಗೇ ಆದರೆ ಏನು ಗತಿ ಅನ್ನುವುದು ಇವರ ಪ್ರಶ್ನೆ. ಬೆಟ್ಟದ ಚೆಂದದ ಕ್ಯಾಲೆಂಡರ್ ಫೋಟೋ ಬೇಕು ಅನ್ನುವವರು ತಗೋಬೇಡಿ. ಇಲ್ಲಿರುವುದು ಬಂಡೆ, ಮಣ್ಣು, ಹಳೆಯ ಚಿತ್ರ, ಅಲ್ಲಿಯ ಜನ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನೆನಪಿರುವವರಿಗೆ ಈ ಪುಸ್ತಕ ದೂರದ್ದು ಅನಿಸಲ್ಲ. ಆಗ ನಾವು ಕೆಸರು, ಮುರಿದ ಮನೆ ಎಲ್ಲ ತೆಗೆದೆವು, ನೀರು ಇಳಿದ ಮೇಲೆ ಕ್ಯಾಮೆರಾಗಳೂ ವಾಪಸ್ ಬಂದವು. ಏನೂ ಆಗದೇ ಇರುವ ಹೊತ್ತಲ್ಲಿ ವರ್ಷಗಟ್ಟಲೆ ಅದೇ ಗುಡ್ಡವನ್ನು ನೋಡುತ್ತಾ ಕೂರುವುದು ಬೇರೆ ಥರದ ಕೆಲಸ. ಅಂಥದ್ದು ನಮ್ಮಲ್ಲೂ ಆಗಬೇಕು ಅಂತ ತುಂಬಾ ಅನಿಸಿತು.

ಖರ್ಚಿನ ಮಾತು. ಪುಸ್ತಕದ ಬೆಲೆಗಿಂತ ಅಲ್ಲಿಂದ ಇಲ್ಲಿಗೆ ತರಿಸುವ ಖರ್ಚೇ ಭಾರ, ಆದ್ದರಿಂದ ಮೂರು ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿ. ನಮಗೆ ಒಂದು ಡಬ್ಬದ ಮೂಲೆ ಜಜ್ಜಿ ಹೋಗಿತ್ತು, ಕೊರಿಯರ್‌ನವರು ತಲೆ ಕೆಡಿಸಿಕೊಳ್ಳಲಿಲ್ಲ. ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ಒಂದೇ ತಗೊಳ್ಳುವುದಾದರೆ ಜಾನಿನ್ ಪುಸ್ತಕ ತಗೊಳ್ಳಿ. ಇನ್ನೂ ಹೊಸ ಹೆಸರು ಬೇಕು ಅನ್ನುವವರು ಇಟಲಿಯ ರೆಜ್ಜೊ ಎಮಿಲಿಯಾ ಊರಿನ ‘ಫೋಟೋಗ್ರಾಫಿಯಾ ಎವುರೋಪಿಯಾ’ ಫೋಟೋ ಹಬ್ಬದ ಮೇಲೆ ಕಣ್ಣಿಡಿ, 2006ರಿಂದ ನಡೆಯುತ್ತಿದೆ. ಮೂವತ್ತೈದರೊಳಗಿನ ಇಟಾಲಿಯನ್ನರಿಗೇ ಅಂತ ಅಲ್ಲಿ ಬೇರೆ ಪ್ರದರ್ಶನ ಇರುತ್ತದೆ, ಗಿರ್ರಿ ಹೆಸರಿನ ಬಹುಮಾನವೂ ಇದೆ.

ಮುಂದಿನ ಸಲ ಜೂಲಿಯೊ ದಿ ಸ್ತುರ್ಕೊ ಅವರ ‘ಗಂಗಾ ಮಾ’ ತರಿಸಬೇಕು ಅಂತಿದೆ, ನಮ್ಮ ಗಂಗೆಯನ್ನು ಹತ್ತು ವರ್ಷ ತೆಗೆದದ್ದು. ಬೆಂಗಳೂರಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ನೋಡಿಕೊಂಡು ಹೋಗುತ್ತೇನೆ. ಈ ನಾಲ್ಕೂ ಸದ್ಯಕ್ಕೆ ನನ್ನ ಸ್ಟುಡಿಯೋದ ಕೌಂಟರ್ ಮೇಲೇ ಇವೆ, ಪಾಸ್‌ಪೋರ್ಟ್ ಫೋಟೋಗೆ ಬಂದವರು ಕಾಯುವಾಗ ತಿರುವಿ ಹಾಕುತ್ತಿರುತ್ತಾರೆ. ಅಮ್ಮನ ಆ ಗ್ರೂಪ್ ಫೋಟೋವನ್ನು ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿದ್ದೇನೆ. ಕತ್ತರಿಸಿದ ಜಾಗವನ್ನು ಮುಟ್ಟಿಲ್ಲ.