58 ರೆಫರೆನ್ಸ್, ನಾಲ್ಕು ದಾರಿ: ಕೈಕೆಲಸ, ಮೆಂಡಲೇ, ಜೊಟೆರೋ, ಬಿಬ್‌ಟೆಕ್

ರಾಗಿಯ ಬರ ತಡೆಯುವ ಗುಣದ ಬಗ್ಗೆ ನಾವು ಬರೆದ ಪೇಪರ್ ಮೊದಲು ಹೋದ ಜರ್ನಲ್ ವ್ಯಾಂಕೂವರ್ ಸ್ಟೈಲ್ ಕೇಳುತ್ತಿತ್ತು. ಪಠ್ಯದಲ್ಲಿ 1, 2, 3 ಎಂದು ಸಂಖ್ಯೆ, ಕೊನೆಗೆ ಅದೇ ಕ್ರಮದಲ್ಲಿ ಪಟ್ಟಿ. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿ ಶುರುಮಾಡಿದ ಪದ್ಧತಿ ಅದು. ಮೂರು ವಾರಕ್ಕೆ ಆ ಜರ್ನಲ್‌ನಿಂದ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಬಂತು. ಎರಡನೆಯ ಜರ್ನಲ್ ಕೇಳಿದ್ದು ಎಪಿಎ, ಅಂದರೆ ಅಮೆರಿಕದ ಮನೋವಿಜ್ಞಾನ ಸಂಘದ ಸ್ಟೈಲ್: ಪಠ್ಯದಲ್ಲಿ ಲೇಖಕರ ಹೆಸರು, ವರ್ಷ, ಪಟ್ಟಿ ಅಕ್ಷರ ಕ್ರಮದಲ್ಲಿ. ಒಟ್ಟು 58 ರೆಫರೆನ್ಸ್, ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕು.

ಬೆಂಗಳೂರಿನ ನಮ್ಮ ಲ್ಯಾಬ್‌ನಲ್ಲಿ ಇನ್ನೂ ಮೂವರು ಥೀಸಿಸ್ ಬರೆಯುತ್ತಿದ್ದಾರೆ. ಒಬ್ಬರಾದರೂ ಎಲ್ಲ ದಾರಿಗಳನ್ನೂ ನಡೆದು ನೋಡಿದರೆ ಉಳಿದವರಿಗೆ ಅನುಕೂಲ ಅನ್ನಿಸಿತು. ಹಾಗಾಗಿ ಅದೇ 58ನ್ನು ನಾಲ್ಕು ರೀತಿಯಲ್ಲಿ ಮಾಡಿದೆ: ಒಮ್ಮೆ ಕೈಯಿಂದ, ಉಳಿದಂತೆ ರೆಫರೆನ್ಸ್ ಕೂಡಿಟ್ಟು ಪಟ್ಟಿ ಕಟ್ಟಿಕೊಡುವ ಮೆಂಡಲೇ, ಜೊಟೆರೋ, ಬಿಬ್‌ಟೆಕ್ ಎಂಬ ಮೂರು ಸಾಫ್ಟ್‌ವೇರ್‌ಗಳಿಂದ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಎಂಡ್‌ನೋಟ್ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು, ನಮ್ಮಲ್ಲಿ ಲೈಸೆನ್ಸ್ ಇಲ್ಲ. ಅದನ್ನು ಇಲ್ಲಿ ತಂದಿಲ್ಲ.

ಪರೀಕ್ಷೆಗೆ ಒಂದು ರೆಫರೆನ್ಸನ್ನು ಮುಖ್ಯವಾಗಿ ಇಟ್ಟುಕೊಂಡೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿಟ್ಟಲಮನಿ ಮತ್ತು ಸಂಗಡಿಗರು ರಾಗಿಯ ಜೀನೋಮ್ ಬಗ್ಗೆ 2017ರಲ್ಲಿ ಬಿಎಂಸಿ ಜೀನೋಮಿಕ್ಸ್‌ನಲ್ಲಿ ಪ್ರಕಟಿಸಿದ ಲೇಖನ ಅದು. ಸಂಪುಟ 18, ಪುಟಸಂಖ್ಯೆ ಇಲ್ಲ, ಅದರ ಜಾಗದಲ್ಲಿ ಲೇಖನ ಸಂಖ್ಯೆ 465. ಲೇಖಕರು ಆರಕ್ಕಿಂತ ಹೆಚ್ಚು. ಶೀರ್ಷಿಕೆಯೊಳಗೆ ಎಲುಸಿನ್ ಕೊರಕಾನ ಎಂಬ ವೈಜ್ಞಾನಿಕ ಹೆಸರು ಓರೆ ಅಕ್ಷರದಲ್ಲಿ ಬರಬೇಕು, ಅದರ ಬೆನ್ನಿಗೆ ಹೆಸರಿಟ್ಟವರ ಸಂಕ್ಷಿಪ್ತ ನಾಮ ನೆಟ್ಟಗೆ ನಿಲ್ಲಬೇಕು. ಸ್ಟೈಲ್ ಬದಲಾದಾಗ ಎಲ್ಲೆಲ್ಲಿ ಎಡವಬಹುದೋ ಅದೆಲ್ಲವೂ ಈ ಒಂದರಲ್ಲೇ ಇದೆ.

ಮೊದಲ ಸಲ ಎಲ್ಲವನ್ನೂ ಕೈಯಿಂದಲೇ ಟೈಪ್ ಮಾಡಿದ್ದೆ. ಹತ್ತು ರೆಫರೆನ್ಸ್‌ನ ಸಣ್ಣ ಟಿಪ್ಪಣಿಗೆ ಇದೇ ಸಾಕು, ಈಗಲೂ ಹಾಗೇ ಮಾಡುತ್ತೇನೆ. ಆದರೆ ಸಂಖ್ಯೆಯ ಪದ್ಧತಿಯಲ್ಲಿ ನಮ್ಮ ಗೈಡ್ ಮೇಡಂ ಏಳನೆಯ ಜಾಗಕ್ಕೆ ಒಂದು ಹೊಸ ಲೇಖನ ಸೇರಿಸಲು ಹೇಳಿದಾಗ, ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಒಂದೊಂದು ಮುಂದಕ್ಕೆ ಸರಿದವು. ‘12–15’ ಎಂದಿದ್ದ ಕಡೆ ‘13–16’ ಆಗಬೇಕು, ಟೇಬಲ್‌ನ ಕೆಳಗಿನ ಟಿಪ್ಪಣಿಯೂ ಬದಲಾಗಬೇಕು. ಎರಡು ಸಂಜೆ ಹಿಡಿಯಿತು, ಆದರೂ ಒಂದು ಚಿತ್ರದ ಶೀರ್ಷಿಕೆಯಲ್ಲಿ ಹಳೆಯ ಸಂಖ್ಯೆ ಉಳಿದುಬಿಟ್ಟಿತ್ತು. ಓದುವವರು ಅದನ್ನು ಹಿಡಿದು ಹೋದರೆ ಬೇರೆ ಯಾರದೋ ಪೇಪರ್‌ಗೆ ತಲುಪುತ್ತಾರೆ.

ಮೆಂಡಲೇ ಬಳಸಲು ಹಗುರ. ಪಿಡಿಎಫ್ ಎಳೆದು ಹಾಕಿದರೆ ವಿವರ ತಾನೇ ತುಂಬಿಕೊಳ್ಳುತ್ತದೆ, ಅಲ್ಲೇ ಗುರುತು ಮಾಡಿಕೊಂಡು ಓದಬಹುದು. ಆನ್‌ಲೈನ್‌ನಲ್ಲಿ ಕೊಡುವ ಉಚಿತ ಜಾಗ 2 ಜಿಬಿ, ಜೊಟೆರೋದ 300 ಎಂಬಿಗೆ ಹೋಲಿಸಿದರೆ ಬಹಳ. ಇದು 2013ರಿಂದ ಎಲ್ಸೆವಿಯರ್ ಪ್ರಕಾಶನದ ಕೈಯಲ್ಲಿದೆ. ಹಳೆಯ ಡೆಸ್ಕ್‌ಟಾಪ್ ಆವೃತ್ತಿಯ ಡೌನ್‌ಲೋಡ್ 2022ರಲ್ಲಿ ನಿಂತಿತು, ಹೊಸದಕ್ಕೆ ಅಕೌಂಟ್ ಮಾಡಿ ಲಾಗಿನ್ ಆಗಬೇಕು. ನನ್ನ ಐದು ವರ್ಷದ ಓದು ನನ್ನ ಕಂಪ್ಯೂಟರಿನ ಒಂದು ಫೋಲ್ಡರ್‌ನಲ್ಲಿ ನನ್ನ ಕೈಗೆ ಸಿಗುವ ಹಾಗೆ ಇರಬೇಕು ಎಂಬುದು ನನ್ನ ಆಸೆ. ಆ ಕಾರಣಕ್ಕೆ ಇದನ್ನು ಎರಡನೆಯ ಸ್ಥಾನದಲ್ಲಿ ಇಟ್ಟೆ.

ಜೊಟೆರೋ 2006ರಿಂದ ಇದೆ, ಉಚಿತ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಡಿಒಐ, ಅಂದರೆ ಲೇಖನದ ಕಾಯಂ ಗುರುತಿನ ಸಂಖ್ಯೆ, ಅಂಟಿಸಿದರೆ ಸಾಕು, ರಾಗಿ ಜೀನೋಮ್ ಲೇಖನ ಬಂದು ಕೂತಿತು. ವರ್ಡ್‌ನಲ್ಲಿ ಸ್ಟೈಲನ್ನು ವ್ಯಾಂಕೂವರ್‌ನಿಂದ ಎಪಿಎಗೆ ಬದಲಿಸಿದೆ. ಆರು ಹೆಸರಾದ ಮೇಲೆ ‘ಮತ್ತು ಇತರರು’ ಎಂದು ನಿಂತಿದ್ದ ಪಟ್ಟಿಯಲ್ಲಿ ಲೇಖಕರೆಲ್ಲರೂ ಬಂದರು, ಏಕೆಂದರೆ 2019ರ ಎಪಿಎ ಏಳನೆಯ ಆವೃತ್ತಿ 20 ಹೆಸರಿನವರೆಗೆ ಪೂರ್ತಿ ಬರೆಯಲು ಹೇಳುತ್ತದೆ. ಪಠ್ಯದ ಸಂಖ್ಯೆಗಳೆಲ್ಲ ಹೆಸರು-ವರ್ಷವಾದವು. ಜರ್ನಲ್‌ಗಳ ಹೆಸರನ್ನು ಸಂಕ್ಷೇಪಿಸಲು ಒಂದು ಟಿಕ್ ಗುರುತು ಸಾಕು. ಓರೆ ಅಕ್ಷರ ಹಲವು ದಾಖಲೆಗಳಲ್ಲಿ ತಾನಾಗಿ ಬರಲಿಲ್ಲ. ಶೀರ್ಷಿಕೆಯಲ್ಲಿ ಸಸ್ಯದ ಹೆಸರಿನ ಎರಡೂ ಬದಿಗೆ ಐ ಅಕ್ಷರದ ಎಚ್‌ಟಿಎಂಎಲ್ ಟ್ಯಾಗ್ ಹಾಕಿದೆ, ಅದಾದ ಮೇಲೆ ಯಾವ ಸ್ಟೈಲ್‌ಗೆ ಹೋದರೂ ಓರೆಯಾಗಿಯೇ ಉಳಿಯಿತು.

ನಮ್ಮ ಹೆಸರುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಇರುವುದು ಊರು ಅಥವಾ ಅಪ್ಪನ ಹೆಸರಿನ ಇನಿಷಿಯಲ್. ಕೆ. ರಮ್ಯಾ ಎಂಬ ಲೇಖಕಿ ಇದ್ದಾರೆ ಅಂದುಕೊಳ್ಳಿ. ಪೇಪರ್ ಮೇಲೆ ‘ರಮ್ಯಾ ಕೆ.’ ಎಂದು ಅಚ್ಚಾದರೆ, ಡೇಟಾಬೇಸ್ ‘ಕೆ’ಯನ್ನೇ ಕುಟುಂಬದ ಹೆಸರು ಎಂದು ತಿಳಿಯುತ್ತದೆ. ಎಪಿಎ ಸ್ಟೈಲ್‌ನಲ್ಲಿ ಅವರು ‘ಕೆ., 2019’ ಆಗಿ ಪಟ್ಟಿಯಲ್ಲಿ ಬೇರೆಲ್ಲೋ ಹೋಗಿ ಕೂರುತ್ತಾರೆ. ಅದೇ ಮನುಷ್ಯರ ಇನ್ನೊಂದು ಪೇಪರ್ ‘ರಮ್ಯಾ, 2021’ ಎಂದು ಬರುತ್ತದೆ. ಒಬ್ಬರೇ ಲೇಖಕಿ ಇಬ್ಬರಾದರು. ನನ್ನ 58ರಲ್ಲಿ ಇಂಥವು 11 ಸಿಕ್ಕವು. ವ್ಯಾಂಕೂವರ್‌ನಲ್ಲಿದ್ದಾಗ ಇವು ಸಂಖ್ಯೆಯ ಹಿಂದೆ ಅಡಗಿದ್ದವು, ಎಪಿಎಗೆ ಬಂದಾಗ ಕಣ್ಣಿಗೆ ಬಿದ್ದವು. ಜೊಟೆರೋದಲ್ಲಿ ಕುಟುಂಬದ ಹೆಸರು, ಸ್ವಂತ ಹೆಸರು ಎಂಬ ಎರಡು ಖಾನೆಗಳನ್ನು ಅದಲುಬದಲು ಮಾಡಬಹುದು, ಇಲ್ಲವೇ ಒಂದೇ ಖಾನೆಯಲ್ಲಿ ಪೂರ್ತಿ ಹೆಸರು ಬರೆದು ಹಾಗೇ ಬಿಡಬಹುದು. ಯಾವುದು ಸರಿ ಎಂದು ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ ತಾಣದಲ್ಲಿನ ಅವರ ಪುಟ ಅಥವಾ ಬೇರೆ ಪೇಪರ್ ನೋಡಿ ತೀರ್ಮಾನಿಸಿದೆ. ಒಬ್ಬರ ಇಡೀ ಜೀವನದ ಕೆಲಸ ಒಂದು ಅಕ್ಷರದ ಕೆಳಗೆ ಕಳೆದುಹೋಗಬಾರದು. ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೊಟ್ಟೆ.

ಬಿಬ್‌ಟೆಕ್ 1985ರಷ್ಟು ಹಳೆಯದು, ಲೇಟೆಕ್ ಎಂಬ ಅಚ್ಚುಜೋಡಣೆಯ ಸಾಫ್ಟ್‌ವೇರ್‌ನಲ್ಲಿ ಬರೆಯುವವರದು. ಗಣಿತ, ಭೌತವಿಜ್ಞಾನದ ಗೆಳೆಯರಿಗೆ ಬೇರೆ ದಾರಿಯೇ ಬೇಡ. ಎಲ್ಲವೂ ಒಂದು ಸಾದಾ ಪಠ್ಯದ ಫೈಲ್, ಯಾವ ಕಂಪನಿ ಮುಚ್ಚಿದರೂ ತೆರೆದುಕೊಳ್ಳುತ್ತದೆ. ಆದರೆ ಹಲವು ಸ್ಟೈಲ್‌ಗಳು ಶೀರ್ಷಿಕೆಯ ದೊಡ್ಡ ಅಕ್ಷರಗಳನ್ನು ಸಣ್ಣದು ಮಾಡುತ್ತವೆ. ಕರ್ಲಿ ಬ್ರಾಕೆಟ್ ಹಾಕಿ ಕಾಯದಿದ್ದರೆ ಎಲುಸಿನ್‌ನ ಮೊದಲ ಅಕ್ಷರವೂ ಡಿಎನ್‌ಎ ಕೂಡ ಸಣ್ಣಕ್ಷರಕ್ಕೆ ಇಳಿಯುತ್ತವೆ. ಅದೇ ಬ್ರಾಕೆಟ್ ನಮ್ಮ ಹೆಸರುಗಳನ್ನೂ ಒಡೆಯದಂತೆ ಹಿಡಿದಿಡುತ್ತದೆ. ನಾಲ್ಕರ ಪೈಕಿ ಅತಿ ಚೊಕ್ಕ ಫಲಿತಾಂಶ ಇದರದೇ. ನಮ್ಮ ಮೇಡಂ ವರ್ಡ್‌ನಲ್ಲೇ ತಿದ್ದುವವರು, ಹಾಗಾಗಿ ನನಗೆ ಹೊಂದಲಿಲ್ಲ.

ಜೊಟೆರೋದಲ್ಲೂ ಒಂದು ಪೆಟ್ಟು ತಿಂದೆ. ಸಹಲೇಖಕರೊಬ್ಬರು ಫೈಲನ್ನು ಬೇರೊಂದು ಸಾಫ್ಟ್‌ವೇರ್‌ನಲ್ಲಿ ತೆರೆದು, ತಿದ್ದಿ, ಸೇವ್ ಮಾಡಿ ಕಳಿಸಿದರು. ನೋಡಲು ಎಲ್ಲ ಸರಿ ಇತ್ತು. ಒಂದು ಉಲ್ಲೇಖದ ಮೇಲೆ ಕ್ಲಿಕ್ ಮಾಡಿದರೆ ಮೂಡಬೇಕಾದ ಬೂದು ಬಣ್ಣ ಮೂಡಲಿಲ್ಲ. ಉಲ್ಲೇಖಗಳನ್ನು ಜೊಟೆರೋಗೆ ಜೋಡಿಸುವ ಕೊಂಡಿಗಳೆಲ್ಲ ಸತ್ತು ಬರೀ ಅಕ್ಷರಗಳಾಗಿದ್ದವು. ಹಿಂದಿನ ಪ್ರತಿ ತೆಗೆದು ಅವರ ತಿದ್ದುಪಡಿಗಳನ್ನು ಒಂದೊಂದಾಗಿ ಸೇರಿಸಿದೆ. ಬೇರೆ ಸಾಫ್ಟ್‌ವೇರ್‌ಗೆ ಕಳಿಸುವ ಮುನ್ನ ಫೈಲನ್ನು ಅದಕ್ಕೆ ಬದಲಿಸಿಕೊಡುವ ಸೌಲಭ್ಯ ಜೊಟೆರೋದ ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲೇ ಇದೆ, ಅದನ್ನು ಆಮೇಲೆ ಕಂಡೆ. ಈಗ ಯಾರಿಗೆ ಕಳಿಸುವಾಗಲೂ ಮೊದಲು ‘ನೀವು ಯಾವುದರಲ್ಲಿ ತೆರೀತೀರಿ ಸರ್?’ ಎಂದು ಕೇಳುತ್ತೇನೆ.

ಪೇಪರ್ ಎರಡನೆಯ ಜರ್ನಲ್‌ಗೆ ಹೋದದ್ದು ಜೊಟೆರೋದಿಂದಲೇ. ಕಳಿಸುವ ಹಿಂದಿನ ರಾತ್ರಿ ಪಟ್ಟಿಯನ್ನು ಪ್ರಿಂಟ್ ತೆಗೆದು, ಲ್ಯಾಬ್‌ನ ಕಿರಿಯಳೊಬ್ಬಳು ಮೂಲ ಪಿಡಿಎಫ್ ನೋಡಿ ಓದುತ್ತ ಹೋದಳು, ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಮೂರು ತಪ್ಪು ಸಿಕ್ಕವು: ಎರಡು ಕಡೆ ಪ್ರಕಟಣೆಯ ವರ್ಷ, ಒಂದು ಕಡೆ ಸಂಪುಟ ಸಂಖ್ಯೆ. ಮೂರೂ ಡೇಟಾಬೇಸ್‌ನಿಂದ ಹಾಗೇ ಬಂದಿದ್ದವು. ಸರಿಮಾಡಿ, ಕೊಂಡಿ ಇರುವ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಇನ್ನೊಂದರಲ್ಲಿ ಕೊಂಡಿ ಬಿಡಿಸಿ ಅಪ್‌ಲೋಡ್ ಮಾಡಿದೆವು.