ಕೀವರ್ಡ್ ಟೂಲ್‌ಗೆ 20 ಸಾವಿರ ಕೊಟ್ಟೆ, ಕೆಲಸಕ್ಕೆ ಬಂದಿದ್ದು ಪುಕ್ಕಟೆಯದು

ಕೀವರ್ಡ್ ಅಂದರೆ ಜನ ಗೂಗಲ್‌ನಲ್ಲಿ ಬರೆದು ಹುಡುಕುವ ಮಾತು, ಯಾವ ಮಾತನ್ನು ಎಷ್ಟು ಸಲ ಹುಡುಕುತ್ತಾರೆ ಅಂತ ಹೇಳೋದು ಕೀವರ್ಡ್ ಟೂಲ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೂಗಲ್ ಸರ್ಚ್ ಕನ್ಸೋಲ್‌ಗೆ, ಅಂದರೆ ನಮ್ಮ ಸೈಟ್ ಯಾವ ಹುಡುಕಾಟಕ್ಕೆ ಕಾಣಿಸಿತು ಅಂತ ಗೂಗಲ್ಲೇ ಕೊಡುವ ಲೆಕ್ಕಕ್ಕೆ. ಅದು ಪುಕ್ಕಟೆ ಸಿಗುತ್ತದೆ, ಮೊದಲ ದಿನದಿಂದ ನನ್ನ ಕೈಯಲ್ಲೇ ಇತ್ತು. ಅದನ್ನು ತೆರೆದು ನೋಡದೆ ದುಡ್ಡು ಕೊಟ್ಟು ಬೇರೆ ಟೂಲ್ ತಗೊಂಡು ನಾಲ್ಕು ತಿಂಗಳು ಒದ್ದಾಡಿದೆ.

ನಮ್ಮದು ಚಿತ್ರದುರ್ಗ. ಚಳ್ಳಕೆರೆ ಹತ್ತಿರ ನಮ್ಮ ಮಾವನದು ಒಂದು ಮರದ ಗಾಣ ಇದೆ. ಎಣ್ಣೆ ತೆಗೆಯೋದು ಅವರು. ವೆಬ್‌ಸೈಟ್, ಆರ್ಡರ್, ಕೊರಿಯರ್ ನನ್ನದು. ಚಳ್ಳಕೆರೆಯನ್ನು ಎಣ್ಣೆ ನಗರ ಅಂತಲೇ ಕರೆಯುತ್ತಾರೆ, ದುರ್ಗದ ಕೋಟೆಯೊಳಗೂ ಎಣ್ಣೆ ಕೊಳ ಅಂತ ಒಂದಿದೆ, ಹಾಗಾಗಿ ಎಣ್ಣೆ ವ್ಯಾಪಾರ ಇಲ್ಲಿಗೆ ಹೊಸದಲ್ಲ. ಗೂಗಲ್‌ನಲ್ಲಿ ಮಾರೋದು ಮಾತ್ರ ಹೊಸದು. ಊರಲ್ಲಾದರೆ ಶೇಂಗಾ ಎಣ್ಣೆ ಅಂದರೆ ಮುಗಿಯಿತು. ಬೆಂಗಳೂರಿನ ಗಿರಾಕಿ ಕಡಲೆಕಾಯಿ ಎಣ್ಣೆ ಅಂತಾರೆ, ಅವರ ಮಗಳು ಕೋಲ್ಡ್ ಪ್ರೆಸ್ಡ್ ಗ್ರೌಂಡ್‌ನಟ್ ಆಯಿಲ್ ಅಂತ ಇಂಗ್ಲಿಷಲ್ಲಿ ಹುಡುಕುತ್ತಾಳೆ, ಇನ್ನೊಬ್ಬರಿಗೆ ಅದು ವುಡ್ ಪ್ರೆಸ್ಡ್, ಮತ್ತೊಬ್ಬರಿಗೆ ಬರೀ ಗಾಣದ ಎಣ್ಣೆ. ಪುಟದ ತಲೆಬರಹದಲ್ಲಿ ಇವುಗಳಲ್ಲಿ ಯಾವುದನ್ನು ಹಾಕಬೇಕು? ನನಗೆ ಬೇಕಿದ್ದದ್ದು ಇಷ್ಟೇ.

ಹೋದ ವರ್ಷ ನವೆಂಬರ್ ಕೊನೆಗೆ ಬ್ಲ್ಯಾಕ್ ಫ್ರೈಡೇ ಆಫರ್ ಅಂತ ಒಂದು ವಿದೇಶಿ ಟೂಲ್‌ನ ಜಾಹೀರಾತು ಕಣ್ಣಿಗೆ ಬಿತ್ತು. ಹೆಸರು ಬೇಡ ಬಿಡಿ. ವರ್ಷದ ಚಂದಾ ಡಾಲರ್‌ನಲ್ಲಿ. ಕಾರ್ಡ್ ಉಜ್ಜಿದ ಮೇಲೆ ಬ್ಯಾಂಕಿನವರ ಫಾರೆಕ್ಸ್ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಎಲ್ಲಾ ಸೇರಿ 20 ಸಾವಿರದ ಹತ್ತಿರ ಹೋಯಿತು. 7 ದಿನದೊಳಗೆ ಬೇಡ ಅಂದರೆ ದುಡ್ಡು ವಾಪಸ್. ಆದರೆ ಅದು ಶೇಂಗಾ ಆವಕ ಜೋರಾಗಿದ್ದ ಹೊತ್ತು, ಆ ವಾರ ಪೂರ್ತಿ ನಾನು ಮಾವನ ಜೊತೆ ಎಪಿಎಂಸಿಯಲ್ಲೇ ಇದ್ದೆ. ಟೂಲ್ ತೆರೆದಿದ್ದು ಒಂಬತ್ತನೇ ದಿನ.

ತೆರೆದು ಮೊದಲು ಕನ್ನಡದಲ್ಲಿ 'ಶೇಂಗಾ ಎಣ್ಣೆ' ಅಂತ ಹಾಕಿದೆ. ತಿಂಗಳಿಗೆ 0 ಹುಡುಕಾಟ ಅಂತ ಬಂತು. 'ಗಾಣದ ಎಣ್ಣೆ' ಹಾಕಿದೆ, ಅದಕ್ಕೂ 0. 'ಕಡಲೆಕಾಯಿ ಎಣ್ಣೆ'ಗೆ 10. ನಾನೇ ತಪ್ಪು ಟೈಪ್ ಮಾಡಿದ್ದೇನೆ ಅಂದುಕೊಂಡು ಶೇಂಗ, ಸೇಂಗಾ, ಶೆಂಗಾ ಅಂತ ಎಲ್ಲಾ ಥರ ಬರೆದು ನೋಡಿದೆ. ಎಲ್ಲಕ್ಕೂ 0. ಪಕ್ಕದಲ್ಲಿ 'ಕೀವರ್ಡ್ ಡಿಫಿಕಲ್ಟಿ' ಅಂತ ಇನ್ನೊಂದು ಅಂಕಿ ಇರುತ್ತದೆ, 100ಕ್ಕೆ ಇಷ್ಟು ಕಷ್ಟ ಅಂತ. ಅಲ್ಲಿ 3, ಹಸಿರು ಬಣ್ಣದಲ್ಲಿ, 'ತುಂಬಾ ಸುಲಭ' ಅಂತ. ಯಾರೂ ಹುಡುಕದ ಮಾತಿಗೆ ಮೊದಲ ಸ್ಥಾನ ಸಿಗೋದು ಸುಲಭವೇ, ಅಲ್ವಾ!

ಹೋಗಲಿ, ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೀತಾರೆ ಅಂತ 'ಗಾಣ'ವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಜಿ, ಎ, ಎನ್, ಎ. ತಿಂಗಳಿಗೆ ಲಕ್ಷಗಟ್ಟಲೆ ಹುಡುಕಾಟ ಅಂತ ತೋರಿಸಿತು. ಕುರ್ಚಿಯಿಂದ ಎದ್ದೇ ನಿಂತೆ. ಮಾವನಿಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ಕೆಳಗಿದ್ದ ಸಂಬಂಧಪಟ್ಟ ಪದಗಳ ಪಟ್ಟಿ ಕಣ್ಣಿಗೆ ಬಿತ್ತು. ಹೊಸ ಗಾನಾ, ಹಳೇ ಗಾನಾ, ಡಿಜೆ ಗಾನಾ, ಡೌನ್‌ಲೋಡ್ ಗಾನಾ. ಹಿಂದಿ ಹಾಡುಗಳು! ನಮ್ಮ ಗಾಣ, ಅವರ ಗಾನಾ, ಇಂಗ್ಲಿಷ್ ಅಕ್ಷರಕ್ಕೆ ಇಳಿದರೆ ಎರಡೂ ಒಂದೇ. ಅದಕ್ಕೆ ಕರ್ನಾಟಕ ಮಾತ್ರ ಅಂತ ಸೋಸೋಣ ಅಂದರೆ ನಾನು ತಗೊಂಡ ಪ್ಲ್ಯಾನ್‌ನಲ್ಲಿ ದೇಶದಿಂದ ಕೆಳಗೆ ಇಳಿಯೋಕೆ ಆಗಲ್ಲ. ಭಾರತ ಅಂದರೆ ಇಡೀ ಭಾರತ.

ಸಹಾಯವಾಣಿಗೆ ಬರೆದೆ. ಎರಡು ದಿನ ಬಿಟ್ಟು ತುಂಬಾ ಮರ್ಯಾದೆಯಿಂದ ಉತ್ತರ ಬಂತು, 'ನಿಮ್ಮ ಭಾಷೆಯಲ್ಲಿ ನಮ್ಮಲ್ಲಿರುವ ದತ್ತಾಂಶ ಕಡಿಮೆ' ಅಂತ. ಇದು ಒಂದು ಟೂಲ್‌ನ ಕಥೆ ಮಾತ್ರ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಇಂಥ ಟೂಲ್‌ಗಳು ಗೂಗಲ್‌ನ ಒಳಗೆ ಕೂತು ಎಣಿಸುವುದಿಲ್ಲ. ಗೂಗಲ್ ಜಾಹೀರಾತಿಗೆ ಅಂತ ಕೊಡುವ ಅಂಕಿಗಳು, ಒಂದಷ್ಟು ಜನರ ಬ್ರೌಸಿಂಗ್ ದಾಖಲೆ, ಇವನ್ನೆಲ್ಲಾ ಸೇರಿಸಿ ಅಂದಾಜು ಮಾಡುತ್ತವೆ. ಇಂಗ್ಲಿಷಿಗೆ ಆ ಅಂದಾಜು ಕೂರುತ್ತದೆ. ಶೇಂಗಾ ಎಣ್ಣೆಗೆ ಕೂರಲ್ಲ. 0 ಅಂದರೆ ಯಾರೂ ಹುಡುಕುತ್ತಿಲ್ಲ ಅಂತಲ್ಲ, ಅವರಿಗೆ ಕಂಡಿಲ್ಲ ಅಂತ. ಹಾಗಾದರೆ 0 ಅಂತ ಯಾಕೆ ಬರೀಬೇಕು, ಗೊತ್ತಿಲ್ಲ ಅಂತ ಬರೀಬಹುದಿತ್ತಲ್ಲ ಅನ್ನೋದು ನನ್ನ ಸಿಟ್ಟು. ಆ 0 ನಂಬಿ ನಾನು ನಾಲ್ಕು ತಿಂಗಳು ಕನ್ನಡದ ಪುಟಗಳನ್ನು ಮುಟ್ಟಲೇ ಇಲ್ಲ.

ಮಾವನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಎಷ್ಟು ಕೊಟ್ಟೆಯಪ್ಪಾ ಅದಕ್ಕೆ?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂದವರು ಏನಂತ ಕೇಳ್ತಾರೆ ಅಂತ ನನ್ನೇ ಕೇಳಿದ್ರೆ ಹೇಳ್ತಿದ್ನಲ್ಲೋ" ಅಂದರು.

ಇನ್ನು ಗೂಗಲ್ ಕೀವರ್ಡ್ ಪ್ಲ್ಯಾನರ್. ಇದು ಜಾಹೀರಾತು ಕೊಡುವವರಿಗೆ ಅಂತ ಮಾಡಿದ್ದು, ಗೂಗಲ್ ಆಡ್ಸ್ ಖಾತೆ ಬೇಕು, ಆದರೆ ಜಾಹೀರಾತು ಕೊಡಲೇಬೇಕು ಅಂತಿಲ್ಲ. ದುಡ್ಡು ಹಾಕದವರಿಗೆ ಸರಿಯಾದ ಅಂಕಿ ಸಿಗಲ್ಲ, 10ರಿಂದ 100, 100ರಿಂದ 1 ಸಾವಿರ, 1 ಸಾವಿರದಿಂದ 10 ಸಾವಿರ ಅಂತ ದೊಡ್ಡ ದೊಡ್ಡ ಗೂಡುಗಳು. 110 ಇದ್ದರೂ ಒಂದೇ ಗೂಡು, 900 ಇದ್ದರೂ ಅದೇ ಗೂಡು. ಆದರೂ ನನ್ನ ತಲೆಬರಹದ ಪ್ರಶ್ನೆಗೆ ಇಷ್ಟು ಸಾಕಾಯಿತು. ಒಂದು ಪದ ದೊಡ್ಡ ಗೂಡಿನಲ್ಲಿದೆ, ಇನ್ನೊಂದು ಸಣ್ಣ ಗೂಡಿನಲ್ಲಿದೆ ಅಂತ ಗೊತ್ತಾದರೆ ಸಾಕಲ್ವಾ. ಜಾಗವನ್ನೂ ಆರಿಸಬಹುದು, ನಾನು ಬೆಂಗಳೂರು ಅಂತ ಇಟ್ಟು ನೋಡುತ್ತೇನೆ, ನಮ್ಮ ಕೊರಿಯರ್ ಜಾಸ್ತಿ ಹೋಗೋದು ಅಲ್ಲಿಗೇ.

ಇದರಲ್ಲಿ ಹೊಸಬರು ಬೀಳುವ ಒಂದು ಗುಂಡಿ ಇದೆ. 'ಕಾಂಪಿಟಿಶನ್' ಅಂತ ಒಂದು ಕಾಲಂ ಇರುತ್ತದೆ, ಅಲ್ಲಿ 'ಹೆಚ್ಚು' ಅಂತ ನೋಡಿ ನಾನು ಒಳ್ಳೊಳ್ಳೆ ಪದಗಳನ್ನು ಬಿಟ್ಟಿದ್ದೆ. ಅದು ಜಾಹೀರಾತು ಕೊಡುವವರ ನಡುವಿನ ಪೈಪೋಟಿ. ಮಾಮೂಲಿ ಫಲಿತಾಂಶದಲ್ಲಿ ಮೇಲೆ ಬರೋಕೆ ಎಷ್ಟು ಕಷ್ಟ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಾನು ಈಗ ಅದನ್ನು ಉಲ್ಟಾ ಓದುತ್ತೇನೆ: ನಾಲ್ಕು ಜನ ದುಡ್ಡು ಹಾಕಿ ಜಾಹೀರಾತು ಕೊಡುತ್ತಿದ್ದಾರೆ ಅಂದರೆ ಆ ಪದ ಹುಡುಕುವವರು ಕೊಳ್ಳುವವರೇ.

ಗೂಗಲ್ ಟ್ರೆಂಡ್ಸ್: ಯಾವ ತಿಂಗಳು ಯಾವ ಪುಟ ಸರಿಮಾಡಬೇಕು ಅನ್ನೋದಕ್ಕೆ ಚೆನ್ನಾಗಿದೆ, 2004ರಿಂದ ಇತ್ತೀಚಿನವರೆಗೂ ಸಿಗುತ್ತದೆ, ಆದರೆ ಅದು ತೋರಿಸೋದು ಒಂದು ಪದದ ಹುಡುಕಾಟದ 0ಯಿಂದ 100ರೊಳಗಿನ ಏರಿಳಿತ, ಎಷ್ಟು ಜನ ಅಂತ ಅಲ್ಲ.

ಕೀವರ್ಡ್ಸ್ ಎವ್ರಿವೇರ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಕೀವರ್ಡ್ ಟೂಲ್): 2019ರ ಅಕ್ಟೋಬರ್‌ವರೆಗೆ ಪುಕ್ಕಟೆ ಇತ್ತು, ಈಗ ದುಡ್ಡು.

ಎಐ ಚಾಟ್ ಒಂದಕ್ಕೂ ಕೇಳಿ ನೋಡಿದೆ, ಗಾಣದ ಎಣ್ಣೆಗೆ ಕನ್ನಡದ ಕೀವರ್ಡ್ ಕೊಡು ಅಂತ. ಒಂದೇ ಉಸಿರಿಗೆ 50 ಕೊಟ್ಟಿತು. ಮೊದಲನೆಯದೇ 'ಶೀತಲ ಒತ್ತಿದ ಕಡಲೆಕಾಯಿ ತೈಲ'. ಮನೆಯಲ್ಲಿ ಓದಿ ಹೇಳಿದೆ, ನೆಗಡಿ ಆದವರಿಗೆ ಹಚ್ಚುವ ಎಣ್ಣೆನಾ ಅಂತ ಅಮ್ಮ ಕೇಳಿದರು.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ಸರ್ಚ್ ಕನ್ಸೋಲ್ ನಿಜವಾಗಿ ಕೀವರ್ಡ್ ಟೂಲ್ ಅಲ್ಲ. ನಿಮ್ಮ ಸೈಟ್ ಗೂಗಲ್‌ನಲ್ಲಿ ಯಾವ ಹುಡುಕಾಟಕ್ಕೆ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಎಷ್ಟನೇ ಜಾಗದಲ್ಲಿತ್ತು ಅಂತ ಗೂಗಲ್ಲೇ ಕೊಡುವ ಲೆಕ್ಕ. ಸೈಟ್ ನಿಮ್ಮದೇ ಅಂತ ಒಮ್ಮೆ ಸಾಬೀತು ಮಾಡಿದರೆ ಆಯಿತು. 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಗೋಪ್ಯತೆಗಾಗಿ ತೋರಿಸುವುದಿಲ್ಲ, ಪಟ್ಟಿಯಲ್ಲಿ 1000 ಸಾಲು ಮಾತ್ರ. ನಮ್ಮಂಥ ಸಣ್ಣ ಸೈಟಿಗೆ 1000 ಸಾಲು ಬರೋದೇ ಕನಸು ಬಿಡಿ.

ಮಾರ್ಚ್‌ನಲ್ಲಿ ಒಂದು ಭಾನುವಾರ ಸುಮ್ನೆ ತೆರೆದು ನೋಡಿದೆ. ಹಿಂದಿನ 3 ತಿಂಗಳು ಅಂತ ಇಟ್ಟು, ಹೆಚ್ಚು ಸಲ ಕಾಣಿಸಿದ್ದು ಮೇಲೆ ಬರುವ ಹಾಗೆ ಜೋಡಿಸಿದೆ. ಟೂಲ್ 0 ಅಂದಿದ್ದ 'ಗಾಣದ ಎಣ್ಣೆ' ಎರಡನೇ ಸಾಲಿನಲ್ಲಿತ್ತು. ನಮ್ಮ ಪುಟ ಅದಕ್ಕೆ ಹದಿನಾಲ್ಕನೇ ಜಾಗದಲ್ಲಿ ನೂರಾರು ಸಲ ಕಾಣಿಸಿದೆ. ಹದಿನಾಲ್ಕು ಅಂದರೆ ಎರಡನೇ ಪುಟ, ಅಲ್ಲಿವರೆಗೆ ಯಾರು ಹೋಗುತ್ತಾರೆ? 3 ತಿಂಗಳಲ್ಲಿ ಒತ್ತಿದವರು 4 ಜನ. ನಾಲ್ಕು ತಿಂಗಳು ಆ ಪುಟ ಮುಟ್ಟದೆ ಕೂತವನು ನಾನೇ.

ಅದಕ್ಕಿಂತ ಕೆಳಗೆ ನಾನು ಕನಸಲ್ಲೂ ಎಣಿಸದ ಎರಡು ಸಾಲು. ಒಂದು 'ಶೇಂಗಾ ಹಿಂಡಿ ಬೆಲೆ'. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಕ್ಕೆ ಹಾಕೋಕೆ ಹೋಗುತ್ತದೆ, ಅದು ಮಾವ ಊರಲ್ಲೇ ಮಾರುತ್ತಿದ್ದ ಸರಕು. ಸೈಟಿನಲ್ಲಿ ಎಲ್ಲೋ ಮೂಲೆಯಲ್ಲಿ 'ಹಿಂಡಿಯೂ ಸಿಗುತ್ತದೆ' ಅಂತ ಒಂದು ಸಾಲು ಬರೆದಿದ್ದೆ, ಅಷ್ಟಕ್ಕೇ ಗೂಗಲ್ ನಮ್ಮನ್ನು ತೋರಿಸುತ್ತಿತ್ತು. ಇನ್ನೊಂದು 'ಶೇಂಗಾ ಎಣ್ಣೆ ನೊರೆ ಬರೋದು ಯಾಕೆ'. ಇದು ಗಿರಾಕಿಗಳು ಫೋನ್ ಮಾಡಿ ಬೈಯುವ ವಿಷಯ. ಸೋಸಿ ರಿಫೈನ್ ಮಾಡದ ಎಣ್ಣೆ ಕಾಯಿಸಿದಾಗ ನೊರೆ ಏಳುತ್ತದೆ, ಕಲಬೆರಕೆ ಇರಬೇಕು ಅಂತ ಅವರ ಅನುಮಾನ. ಅಮ್ಮ ಎಣ್ಣೆ ಕಾಯುವಾಗ ಒಂದು ಚೂರು ಹುಣಸೆಹಣ್ಣು ಹಾಕಿ ತೆಗೆಯುತ್ತಾರೆ, ಅದನ್ನೇ ಫೋಟೋ ತೆಗೆದು ಒಂದು ಪುಟ ಮಾಡಿದೆ. ಹಿಂಡಿಗೆ ಇನ್ನೊಂದು ಪುಟ ಮಾಡಿ ಪ್ರತಿ ಸೋಮವಾರ ದರ ಬದಲಾಯಿಸುತ್ತೇನೆ. ಹಿರಿಯೂರು, ಹೊಳಲ್ಕೆರೆ ಕಡೆಯಿಂದ ಹಿಂಡಿಗೆ ಫೋನ್ ಬರುತ್ತಿದೆ, ಮಾವನಿಗೆ ಈಗ ವೆಬ್‌ಸೈಟ್ ಮೇಲೆ ಸ್ವಲ್ಪ ಪ್ರೀತಿ.

ಕನ್ಸೋಲ್‌ನ ಕೊರತೆ ಒಂದೇ, ಅದು ದೊಡ್ಡದೇ. ಸೈಟ್ ಇನ್ನೂ ಇಲ್ಲದವರಿಗೆ, ನಿನ್ನೆ ಮೊನ್ನೆ ಶುರುಮಾಡಿದವರಿಗೆ ಅದರಲ್ಲಿ ಏನೂ ಇರಲ್ಲ. ಅಂಥವರು ಕೀವರ್ಡ್ ಪ್ಲ್ಯಾನರ್‌ನಿಂದ ಶುರುಮಾಡಿ. ಜೊತೆಗೆ ಗೂಗಲ್‌ನ ಹುಡುಕು ಪೆಟ್ಟಿಗೆ ಇದೆಯಲ್ಲ, ಇನ್‌ಕಾಗ್ನಿಟೊದಲ್ಲಿ (ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ) ತೆರೆದು 'ಗಾಣದ ಎಣ್ಣೆ' ಅಂತ ಬರೆದು ಒಂದು ಜಾಗ ಬಿಟ್ಟು ಅ, ಕ, ಬ ಅಂತ ಒಂದೊಂದೇ ಅಕ್ಷರ ಒತ್ತುತ್ತಾ ಹೋಗಿ. ಕೆಳಗೆ ಬರುವ ಸಲಹೆಗಳು ಜನ ನಿಜವಾಗಿ ಬರೆದ ಮಾತುಗಳಿಂದ ಬರುವಂಥವು, ತಪ್ಪು ಕಾಗುಣಿತದ ಸಮೇತ.

ದುಡ್ಡಿನ ಟೂಲ್ ಯಾರಿಗೂ ಬೇಡ ಅಂತ ನಾನು ಹೇಳಲ್ಲ. ದಾವಣಗೆರೆಯಲ್ಲಿ ನನ್ನ ಗೆಳೆಯನೊಬ್ಬ ಹೊರದೇಶದ ಗಿರಾಕಿಗಳಿಗೆ ಇಂಗ್ಲಿಷ್ ಸೈಟ್ ನೋಡಿಕೊಳ್ಳುತ್ತಾನೆ. ಎದುರಾಳಿ ಸೈಟ್‌ಗೆ ಯಾವ ಪದದಿಂದ ಜನ ಬರುತ್ತಾರೆ, ಅವರಿಗೆ ಎಲ್ಲೆಲ್ಲಿಂದ ಲಿಂಕ್ ಇದೆ, ಇದೆಲ್ಲಾ ಅವನಿಗೆ ದಿನಾ ಬೇಕು, ಕನ್ಸೋಲ್ ಅದನ್ನು ತೋರಿಸಲ್ಲ. ಅವನು ಡಾಲರ್‌ನಲ್ಲಿ ದುಡಿಯುತ್ತಾನೆ, ಡಾಲರ್‌ನಲ್ಲಿ ಕೊಡುತ್ತಾನೆ. ನಾನು ಭಾನುವಾರ ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಗಂಟೆ ಕೂರುವವನು. ಒಂದು ಲೀಟರ್ ಎಣ್ಣೆಗೆ ಎರಡೂವರೆ ಕೆಜಿ ಬೀಜ ಹೋಗುವ ವ್ಯಾಪಾರದಲ್ಲಿ 20 ಸಾವಿರ ಹುಟ್ಟಿಸೋಕೆ ಎಷ್ಟು ಗಾಣ ತಿರುಗಬೇಕು ಅಂತ ಮಾವ ಆಗಾಗ ನೆನಪಿಸುತ್ತಾರೆ.

ಹೋದ ವಾರ ಆ ಟೂಲ್‌ನ ಚಂದಾ ನವೀಕರಣದ ಮೇಲ್ ಬಂತು, ಈ ಸಲ ಆಫರ್ ಕೂಡ ಇಲ್ಲ, ಪೂರ್ತಿ ದರ. ಬ್ಯಾಂಕಿನ ಆ್ಯಪ್‌ಗೆ ಹೋಗಿ ಕಾರ್ಡ್ ಮೇಲಿದ್ದ ಆಟೋ ಪೇ ತೆಗೆದುಹಾಕಿದೆ. ಆ ದುಡ್ಡಿನಲ್ಲಿ 5 ಲೀಟರ್‌ನ ಟಿನ್ ತರಿಸಿದ್ದೇವೆ, ಲೇಬಲ್ ಮೇಲೆ ದಪ್ಪಕ್ಷರದಲ್ಲಿ 'ಗಾಣದ ಎಣ್ಣೆ', ಕೆಳಗೆ ಸಣ್ಣದಾಗಿ ಕೋಲ್ಡ್ ಪ್ರೆಸ್ಡ್.