ಮದರ್‌ಬೋರ್ಡ್ ಹೋಯ್ತು ಅಂದಿದ್ದ ಸಿಸ್ಟಮ್ಮನ್ನ ರಬ್ಬರಲ್ಲಿ ಉಜ್ಜಿ ಎಬ್ಬಿಸಿದ ಮಡಿಕೇರಿ ಅಂಗಡಿ

ನಾನು ಮೂರ್ನಾಡು ಕಡೆಯವ್ಳು, ಮನೇಲೇ ಕೂತು ಎರಡು ತೋಟದ ಲೆಕ್ಕ ಬರೀತೀನಿ, ಟ್ಯಾಲಿ (ಲೆಕ್ಕದ ಸಾಫ್ಟ್‌ವೇರು), ಚೆಕ್‌ರೋಲು (ಕೆಲಸದವರ ಹಾಜರಿ ಪಟ್ಟಿ), ಕಾಫಿ ಮೆಣಸಿನ ಬಿಲ್ಲು ಎಲ್ಲಾ ಒಂದೇ ಹಳೇ ಡೆಸ್ಕ್‌ಟಾಪಲ್ಲಿದೆ. ಜುಲೈಲಿ ಬಿಡದೆ ಮಳೆ ಹೊಡೀತಲ್ಲ, ಆಗ ನಾಲ್ಕು ದಿನ ಕರೆಂಟಿಲ್ಲ, ಬಂದ್ಮೇಲೆ ಸ್ವಿಚ್ ಹಾಕಿದ್ರೆ ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಮಾನಿಟರಲ್ಲಿ ಮಾತ್ರ ‘ನೋ ಸಿಗ್ನಲ್’ ಅಂತ ಬಂದು ಕಪ್ಪಾಗಿಬಿಡುತ್ತೆ. ಶನಿವಾರ ಬಟವಾಡೆ ಆಗ್ಬೇಕು, ಮೂವತ್ತು ಜನರ ಹಾಜರಿ ಅದರೊಳಗೆ, ನಂಗೆ ಕೈಕಾಲೇ ಆಡ್ಲಿಲ್ಲ.

ಮೊದ್ಲು ತಗೊಂಡು ಹೋಗಿದ್ದು ಬೇರೆ ಅಂಗಡಿಗೆ, ಹೆಸರು ಬೇಡ. ಅವ್ರು ಡಬ್ಬ ಬಿಚ್ಚಿ ಸಹ ನೋಡ್ಲಿಲ್ಲ, ಒಂದ್ಸಲ ಆನ್ ಮಾಡಿ “ಮದರ್‌ಬೋರ್ಡ್ ಹೋಗಿದೆ, ಆರೂವರೆ ಸಾವಿರ ಆಗುತ್ತೆ, ಎಲ್ಲಾ ಫಾರ್ಮ್ಯಾಟ್ ಮಾಡಿ ಕೊಡ್ತೀವಿ” ಅಂದ್ರು. ಫಾರ್ಮ್ಯಾಟ್ ಅಂದಿದ್ದೇ ನಾನು ವಾಪಸ್ ಎತ್ಕೊಂಡು ಬಂದೆ. ಡಿಸ್‌ಪ್ಲೇ ಬರದೇ ಇರೋದಕ್ಕೂ ಫಾರ್ಮ್ಯಾಟಿಗೂ ಏನ್ ಸಂಬಂಧ ಅಂತ ಈಗ್ಲೂ ಸಿಟ್ಟು ಬರುತ್ತೆ.

ಆಮೇಲೆ ನಮ್ ಭಾವ ಹೇಳಿದ್ದು ಮಡಿಕೇರಿಯ ಈ ಅಂಗಡಿ. ಪ್ರೈವೇಟ್ ಬಸ್ ಸ್ಟ್ಯಾಂಡಿಂದ ನಡ್ಕೊಂಡು ಹೋಗಬಹುದು, ಮೆಟ್ಟಿಲು ಹತ್ತಿ ಮೇಲೆ, ಒಂದೇ ರೂಮು, ಒಬ್ರು ಹಿರಿಯರು ಮತ್ತೆ ಒಬ್ಬ ಹುಡುಗ. ಆ ಹುಡುಗ ಮೊದ್ಲು ಕೇಳಿದ್ದೇ “ಅಕ್ಕಾ, ಒಳಗಿರೋ ಫೈಲ್ ಮುಖ್ಯಾನಾ? ಬೇರೆ ಕಡೆ ಕಾಪಿ ಇದೆಯಾ?” ಇದೊಂದು ಪ್ರಶ್ನೆಗೇ ನಾನು ಐದು ಸ್ಟಾರ್ ಕೊಟ್ಟಿರೋದು. ಇಲ್ಲ ಅಂದೆ. ಸರಿ ಹಾಗಾದ್ರೆ ಮೊದ್ಲು ಡಿಸ್ಕ್ ಕಡೆ ಕೈ ಹಾಕಲ್ಲ ಅಂತ ಹೇಳಿ ನನ್ನ ಎದುರೇ ಸೈಡ್ ಪ್ಯಾನಲ್ ಬಿಚ್ಚಿದ. ಒಳಗೆ ಹಲ್ಲಿ ಮೊಟ್ಟೆ ಎರಡು, ಫ್ಯಾನಿಗೆ ಬೂದು ಧೂಳು, ಒಂಥರಾ ಬೂಷ್ಟು ವಾಸನೆ. ಬ್ರಷ್ಷಲ್ಲಿ ಎಲ್ಲಾ ತೆಗೆದು, ಎರಡು ರ‍್ಯಾಮ್ ಪಟ್ಟಿ (ಸಿಸ್ಟಮ್ಮಿನ ಮೆಮೊರಿ) ಕಿತ್ತು, ಮಕ್ಕಳು ಸ್ಕೂಲಿಗೆ ತಗೊಂಡು ಹೋಗೋ ಬಿಳಿ ರಬ್ಬರ್ ಇದೆಯಲ್ಲ, ಅದರಲ್ಲಿ ಆ ಚಿನ್ನದ ಬಣ್ಣದ ಹಲ್ಲುಗಳನ್ನ ನಿಧಾನಕ್ಕೆ ಒಂದೇ ದಿಕ್ಕಿಗೆ ಉಜ್ಜಿದ, ರಬ್ಬರ್ ತುದಿ ಕಪ್ಪಾಗಿದ್ದನ್ನ ನಂಗೆ ತೋರಿಸಿದ. ಮಳೆಗಾಲದ ತೇವಕ್ಕೆ ಅಲ್ಲಿ ಪದರ ಕಟ್ಟಿ ಕಾಂಟ್ಯಾಕ್ಟ್ ಸಿಗಲ್ವಂತೆ. ಪುಡಿ ಒರೆಸಿ, ಮೊದ್ಲು ಒಂದು ಪಟ್ಟಿ ಮಾತ್ರ ಹಾಕಿ ಆನ್ ಮಾಡಿದ, ಆಮೇಲೆ ಇನ್ನೊಂದು. ಡಿಸ್‌ಪ್ಲೇ ಬಂತು. ನಾನು ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ.

ಇಷ್ಟಕ್ಕೇ ದುಡ್ಡು ತಗೊಂಡು ಕಳಿಸಬಹುದಿತ್ತು, ಕಳಿಸ್ಲಿಲ್ಲ. ಸ್ಕ್ರೀನ್ ಮೇಲೆ ತಾರೀಕು ಎಷ್ಟೋ ವರ್ಷ ಹಿಂದಿಂದು ತೋರಿಸ್ತಿತ್ತು. “ಬ್ಯಾಂಕ್ ಸೈಟ್ ಓಪನ್ ಆಗಲ್ಲ ಅಲ್ವಾ ನಿಮ್ದು?” ಅಂತ ಅವನೇ ಕೇಳಿದ, ಹೌದು ಎರಡು ತಿಂಗಳಿಂದ ‘ಕನೆಕ್ಷನ್ ಸೇಫ್ ಅಲ್ಲ’ ಅಂತ ಬರ್ತಿತ್ತು, ನಾನು ನೆಟ್‌ನವರಿಗೆ ಬೈಕೊಂಡಿದ್ದೆ. ತಾರೀಕು ತಪ್ಪಿದ್ರೆ ಸೈಟಿನ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ತಿಳ್ಕೊಳ್ಳುತ್ತಂತೆ. ಕರೆಂಟ್ ಇಲ್ಲದಾಗ ತಾರೀಕು ಗಡಿಯಾರ ಓಡಿಸೋ, ಬೋರ್ಡ್ ಮೇಲಿರೋ ನಾಣ್ಯದ ಥರದ ಸೆಲ್ ತೆಗೆದು ಮೀಟರ್ ಇಟ್ಟ, 3 ವೋಲ್ಟ್ ಇರ್ಬೇಕಾದ್ದು 1.9. ಅದರ ನಂಬರು ಸಿಆರ್2032, ಅಂದ್ರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹಾಗೆ ನೆನಪಿಟ್ಕೊಳ್ಳಿ ಅಕ್ಕಾ ಯಾವ ವಾಚ್ ಅಂಗಡೀಲೂ ಸಿಗುತ್ತೆ, ಮುಂದಿನ ಸಲ ನೀವೇ ಹಾಕ್ಕೋಬಹುದು ಅಂದ. ತನ್ನ ವ್ಯಾಪಾರ ತಾನೇ ಬಿಟ್ಟು ಹೀಗೆ ಹೇಳಿಕೊಡೋರು ಎಷ್ಟು ಜನ ಇದ್ದಾರೆ ಹೇಳಿ.

ಹಾರ್ಡ್ ಡಿಸ್ಕ್ ಚೆಕ್ ಮಾಡಿದ್ರೆ ಬ್ಯಾಡ್ ಸೆಕ್ಟರ್, ಅಂದ್ರೆ ಓದೋಕಾಗದ ಹಾಳು ಜಾಗ, ಶುರುವಾಗಿದೆ, ಕಿವಿ ಕೊಟ್ರೆ ಟಿಕ್ ಟಿಕ್ ಅನ್ನೋದು ನಂಗೂ ಕೇಳಿಸ್ತು. ಇಂಥದ್ರಲ್ಲಿ ಜಾಸ್ತಿ ಹೊತ್ತು ಓಡಿಸಬಾರದಂತೆ, ಓಡಿಸಿದಷ್ಟೂ ಹಾಳಾಗುತ್ತೆ. ಟ್ಯಾಲಿ ಡೇಟಾ ಎಲ್ಲಾ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ ನನ್ನ ಕೈಗೆ ಕೊಟ್ಟು ಆಮೇಲೆ ಹಳೇ ಡಿಸ್ಕ್ ಬದಲು ವೇಗದ ಹೊಸ ಥರದ ಡಿಸ್ಕ್, 240 ಜಿಬಿ ಎಸ್‌ಎಸ್‌ಡಿ ಹಾಕಿದ. ಮೊದ್ಲು ಆನ್ ಮಾಡಿ ಕಾಫಿ ಮಾಡ್ಕೊಂಡು ಬರೋಷ್ಟು ಹೊತ್ತಾಗ್ತಿತ್ತು, ಈಗ ಕುರ್ಚಿ ಎಳ್ಕೊಳ್ಳೋದ್ರಲ್ಲಿ ರೆಡಿ.

ಒಂದು ವಿಷಯದಲ್ಲಿ ನಂಗೆ ಬೇಜಾರಾಗಿದ್ದು ನಿಜ. ನನ್ನದರಲ್ಲಿರೋ ವಿಂಡೋಸ್ 10ಕ್ಕೆ ಸಪೋರ್ಟ್, ಅಂದ್ರೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟು, 2025ರ ಅಕ್ಟೋಬರ್ 14ಕ್ಕೇ ಮುಗೀತು, ನನ್ನದು ಇಂಟೆಲ್ ನಾಲ್ಕನೇ ಜನರೇಷನ್ ಐ3 ಪ್ರೊಸೆಸರು, ವಿಂಡೋಸ್ 11ಕ್ಕೆ ಇಂಟೆಲಲ್ಲಿ ಎಂಟನೇ ಜನರೇಷನ್ನೋ ಅದಕ್ಕಿಂತ ಹೊಸದೋ, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಹಾಗಾಗಿ ಹೊಸ ಸಿಸ್ಟಮ್ ಒಂದಲ್ಲ ಒಂದು ದಿನ ತಗೊಳ್ಳಲೇಬೇಕು. ಆದ್ರೆ ಹಿರಿಯರು ಅದನ್ನ ಅಲ್ಲೇ ಮಾರೋಕೆ ನೋಡ್ಲಿಲ್ಲ, ಲೆಕ್ಕ ಇದರಲ್ಲಿ ಬರೀರಿ, ಬ್ಯಾಂಕ್ ಕೆಲಸ ಫೋನಲ್ಲಿ ಮಾಡಿ, ಈ ಸಲದ ಕಾಫಿ ಮಾರಿ ಆಮೇಲೆ ಯೋಚಿಸಿ ಅಂದ್ರು.

ಅವ್ರು ಹೇಳಿದ್ದು ಇನ್ನೊಂದಿಷ್ಟು ಬರೀತೀನಿ, ನಮ್ ಕೊಡಗಲ್ಲಿ ಎಲ್ಲರಿಗೂ ಬೇಕು. ಮಳೆಗಾಲದಲ್ಲಿ ಕೆಲಸ ಇಲ್ದಿದ್ರೂ ಕರೆಂಟ್ ಇದ್ದಾಗ ದಿನಾ ಅರ್ಧ ಗಂಟೆ ಆನ್ ಮಾಡಿಡಿ, ಆ ಬಿಸಿಗೇ ತೇವ ಆರುತ್ತೆ. ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಸುತ್ತಬೇಡಿ, ಒಳಗೇ ಬೆವರುತ್ತೆ, ಹತ್ತಿ ಬಟ್ಟೆ ಸಾಕು. ಏಪ್ರಿಲ್ ಮೇ ಗುಡುಗು ಸಿಡಿಲಿಗೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತಿಡಿ, ಜೊತೆಗೆ ನೆಟ್ ಕೇಬಲ್ಲೂ ಕೀಳಿ, ಆ ದಾರೀಲೂ ಸಿಡಿಲು ಬಂದು ಬೋರ್ಡ್ ಸುಡುತ್ತೆ. ಡಬ್ಬ ಮುಟ್ಟಿದ್ರೆ ಜುಮ್ ಅನ್ನುತ್ತಾ ಅಂತಾನೂ ಕೇಳಿದ್ರು, ಹೌದು ಅಂದೆ, ಅದು ಅರ್ತಿಂಗ್ ಇಲ್ದೇ ಇರೋದು, ಕಂಪ್ಯೂಟರ್ ತಪ್ಪಲ್ಲ, ಮೊದ್ಲು ಎಲೆಕ್ಟ್ರಿಷಿಯನ್ ಕರೆಸಿ ಅಂದ್ರು. ಕರೆಸಿದ್ವಿ, ಅರ್ತ್ ತಂತಿ ತುಕ್ಕು ಹಿಡಿದು ಕಟ್ಟಾಗಿತ್ತು.

ಖರ್ಚು ಹೇಳ್ತೀನಿ: ಎಸ್‌ಎಸ್‌ಡಿ 1,900, ಸೆಲ್ 50, ಕ್ಲೀನಿಂಗು ಡೇಟಾ ಕಾಪಿ ಎಲ್ಲಾ ಸೇರಿ 500. ರ‍್ಯಾಮ್ ಉಜ್ಜಿದ್ದಕ್ಕೆ ಏನೂ ತಗೊಳ್ಳಲಿಲ್ಲ. ಹಳೇ ಡಿಸ್ಕ್ ಕೇಳದೇನೇ ವಾಪಸ್ ಕೊಟ್ರು. ಬಿಲ್ ಮಾತ್ರ ನೀವೇ ಕೇಳಿ ಬರೆಸ್ಕೋಬೇಕು, ಎಸ್‌ಎಸ್‌ಡಿಗೆ ವಾರಂಟಿ ಇರುತ್ತಲ್ಲ, ಮರೀಬೇಡಿ. ಫೋನ್ ಎತ್ತಲ್ಲ, ಇದು ಅವ್ರು ಸರಿ ಮಾಡ್ಕೋಬೇಕು, ದೂರದಿಂದ ಸಿಸ್ಟಮ್ ಹೊತ್ಕೊಂಡು ಬಂದವ್ರು ಬಾಗಿಲು ಹಾಕಿರೋದು ನೋಡಿ ವಾಪಸ್ ಹೋಗೋ ಹಾಗಾಗಬಾರದು. ಶುಕ್ರವಾರ ಸಂತೆ ದಿನ ಗಾಡಿ ನಿಲ್ಸೋಕೆ ಜಾಗ ಸಿಗಲ್ಲ, ಬೇರೆ ದಿನ ಬೆಳಿಗ್ಗೆ ಹೋಗಿ. ಮಾನಿಟರ್ ಹೊತ್ಕೊಂಡು ಹೋಗ್ಬೇಡಿ, ಅವ್ರ ಹತ್ರ ಇದೆ, ಡಬ್ಬ ಮತ್ತೆ ಪವರ್ ಕೇಬಲ್ ಸಾಕು.